ಭೂಸಾ ಮಶೀನು ನಿಲ್ಲುವುದಿಲ್ಲ

ಇವತ್ತು ಬೆಳಿಗ್ಗೆ ಅಕ್ಕಲಕೋಟೆಯಿಂದ ಟೆಂಪೋದಲ್ಲಿ ಒಂದು ಚೀಲ ಬಂತು. ಬಾಯಿ ಬಿಚ್ಚಿದೆನೋ ಇಲ್ಲವೋ, ವಾಸನೆ ಮೂಗಿಗೆ ಹೊಡೆಯಿತು. ಸುಟ್ಟ ಕಟ್ಟಿಗೆಯದೂ ಅಲ್ಲ, ಹಸಿ ಕಟ್ಟಿಗೆಯದೂ ಅಲ್ಲ. ರೊಟ್ಟಿ ಹಂಚಿನ ಮೇಲೆ ತುಸು ಹೆಚ್ಚು ಹೊತ್ತು ಉಳಿದರೆ ಬರುತ್ತದಲ್ಲ, ಆ ಜಾತಿಯದು. ಒಳಗೆ ಮೊಳದುದ್ದದ ಕರಿಗಂದು ತುಂಡುಗಳು, ಪ್ರತಿಯೊಂದರ ನಡುವೆ ಈ ತುದಿಯಿಂದ ಆ ತುದಿಗೆ ಆರುಪಾರು ತೂತು. ನೀವು ನೋಡಿಲ್ಲವೆಂದರೆ ಹೇಳುತ್ತೇನೆ ಕೇಳಿ. ಇದು ಕಟ್ಟಿಗೆಯ ಹೊಟ್ಟು. ನಮ್ಮ ಬಾಯಲ್ಲಿ ಭೂಸಾ. ಗರಗಸದ ಕೆಳಗೆ ಉದುರುವ ಪುಡಿಯನ್ನು ಒಣಗಿಸಿ, ಮಶೀನಿಗೆ ಹಾಕಿ, ಕಾಯಿಸಿ ಒತ್ತಿದರೆ ಹೀಗೆ ಗಟ್ಟಿಯಾಗಿ ಹೊರಗೆ ಬರುತ್ತದೆ. ಅಂಟು ಬೇಡ, ಸಗಣಿ ಬೇಡ. ಬ್ರಿಕೆಟ್ ಎನ್ನುತ್ತಾರೆ. ವ್ಯಾಪಾರಿಗಳು ವೈಟ್ ಕೋಲ್ ಎನ್ನುತ್ತಾರೆ. ಅದರಲ್ಲಿ ವೈಟೂ ಇಲ್ಲ, ಕೋಲೂ ಇಲ್ಲ, ವ್ಯಾಪಾರ ಮಾತ್ರ ಇದೆ.

ನಾನು ಸೋಲಾಪುರದಲ್ಲಿ ಶೇಂಗಾ ಚಟ್ನಿ ಮಾಡಿ ಮಾರುವವಳು. ನನ್ನ ಬಾಯಿ ನನ್ನ ಚಟ್ನಿಗಿಂತ ಖಾರ ಎಂದು ಓಣಿಯಲ್ಲಿ ಮಾತಿದೆ. ಸುಳ್ಳೇನಲ್ಲ. ಗಿರಾಕಿಗಳು ಎರಡನ್ನೂ ತಗೊಂಡು ಹೋಗುತ್ತಾರೆ, ಮತ್ತೆ ಬರುತ್ತಾರೆ. ಶೇಂಗಾ ಹುರಿಯಲು ನನಗೆ ಗ್ಯಾಸು ಸರಿಹೋಗುವುದಿಲ್ಲ. ದೊಡ್ಡ ಕಡಾಯಿಗೆ ಒಂದೇ ಹದದ, ನಿಧಾನವಾದ ಉರಿ ಬೇಕು. ಹಾಗಾಗಿ ಎಷ್ಟೋ ವರ್ಷದಿಂದ ಕಾಕಾ ಈ ಚೀಲ ಕಳಿಸುತ್ತಿದ್ದರು. ಈಗ ಕಾಕಾ ಇಲ್ಲ. ಅವರು ಹೋದ ಮೇಲೆ ಬಂದ ಮೊದಲನೆಯ ಚೀಲ ಇದು. ಕಳಿಸಿದವನು ಅವರ ಮಗ ಸಂಜು. ಚೀಲದ ಬಾಯಿ ಬಿಚ್ಚಿ ಅದರ ಮುಂದೆಯೇ ಕುಳಿತಿದ್ದೆ. ನನ್ನ ಜೊತೆ ಕೆಲಸ ಮಾಡುವ ಸುಶೀಲಾ, "ಒಲಿ ಹಚ್ಚಲೇನ್ರಿ ಅಕ್ಕಾರ?" ಎಂದು ಕೇಳಿದಾಗ, ತಡಿ ಎಂದು ಕೈ ಮಾಡಿದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಅಕ್ಕಲಕೋಟೆಯಲ್ಲಿ ಅಣ್ಣ ತಮ್ಮ ಕೂಡಿ ಕಟ್ಟಿಗೆಯ ವಖಾರಿ ನಡೆಸುತ್ತಿದ್ದರು. ಮುಂದೆ ದಿಮ್ಮಿಗಳ ರಾಶಿ, ನಡುವೆ ಗರಗಸದ ಮಶೀನು, ಹಿಂದೆ ಮನೆ. ವಖಾರಿ ಇದ್ದದ್ದು ಊರಿನಿಂದ ಸ್ಮಶಾನಕ್ಕೆ ಹೋಗುವ ದಾರಿಯ ಮೇಲೆ. ಯಾವ ಪುಣ್ಯಾತ್ಮ ಆ ಜಾಗ ಆರಿಸಿದನೋ! ಊರಿನಲ್ಲಿ ಯಾರು ತೀರಿಕೊಂಡರೂ ಕೊನೆಗೊಮ್ಮೆ ನಮ್ಮ ಗೇಟಿನ ಮುಂದೆ ಹಾದು ಹೋಗಲೇಬೇಕಿತ್ತು. ಹೂವಿನಿಂದ ಸಿಂಗರಿಸಿ ಹೊತ್ತ ವಿಮಾನದಲ್ಲಿ ಕುಳಿತು ಹೋಗುವವರು, ಬಿದಿರಿನ ಚಟ್ಟದ ಮೇಲೆ ಮಲಗಿ ಹೋಗುವವರು, ಎಲ್ಲರೂ. ಮಕ್ಕಳಾದ ನಮಗೆ ಅದರ ಹೆದರಿಕೆಯೇ ಇರಲಿಲ್ಲ. ಹುಣಸೆ ದಿಮ್ಮಿಯ ಮೇಲೆ ಕುಳಿತು ಚುರುಮುರಿ ತಿನ್ನುತ್ತಾ, ಇವತ್ತು ಯಾರು ಎಂದು ನೋಡುತ್ತಿದ್ದೆವು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಹೆಣ ಬರುತ್ತಿದೆ ಎಂದು ದೂರದಿಂದ ಭಜನೆಯ ತಾಳ ಕೇಳಿದರೆ ಸಾಕು, ಗರಗಸ ನಿಲ್ಲಬೇಕು. ಯಾರ ಹೆಣ, ಯಾವ ಜಾತಿ, ಕೇಳುವಂತಿಲ್ಲ. ಅರ್ಧ ಕೊರೆದ ಬೇವಿನ ದಿಮ್ಮಿ ಹಾಗೆಯೇ ಗರಗಸ ಕಚ್ಚಿಕೊಂಡು ನಿಲ್ಲುತ್ತಿತ್ತು. ಹಮಾಲರು ಹೆಗಲ ಮೇಲಿನ ವಲ್ಲಿ ತೆಗೆದು ಕೈಯಲ್ಲಿ ಹಿಡಿಯುತ್ತಿದ್ದರು. ಮಂಗಳವೇಢೆಯಿಂದ ಬಾಗಿಲ ಚೌಕಟ್ಟು ಕೊಯ್ಸಲು ಬಂದ ಗಿರಾಕಿಯೊಬ್ಬ ಒಮ್ಮೆ, ಬಸ್ಸು ತಪ್ಪುತ್ತದೆ ಎಂದು ಗೊಣಗಿದ. ಕಾಕಾ ಸಿಟ್ಟಾಗಲಿಲ್ಲ. "ಜೀವ ಇದ್ದಾಗ ಅವಗ ಯಾರೂ ಸುಮ್ನ ಬಿಟ್ಟಿರಂಗಿಲ್ಲ ನೋಡ್ರಿ. ಹೋಗೂಮುಂದರೆ ಎರಡ ಮಿನಿಟ ಸಪ್ಪಳ ಬಂದ ಮಾಡೂದು ಬ್ಯಾಡೇನ್ರಿ?" ಎಂದರು. ಬಸ್ಸು ತಪ್ಪಿತೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಇನ್ನೂ ಸಾಲಿಗೆ ಹೋಗುವವಳಿದ್ದಾಗ ಅಪ್ಪ ತೀರಿಕೊಂಡರು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಅರ್ಧ ದಾರಿಯಲ್ಲಿ ಚಟ್ಟವನ್ನು ಇಳಿಸಿ, ದಿಕ್ಕು ಬದಲಿಸಿ ಮತ್ತೆ ಎತ್ತುತ್ತಾರೆ. ಅದಕ್ಕೆ ವಿಸಾವಾ ಎನ್ನುತ್ತಾರೆ. ಹೆಂಗಸರು ಅಲ್ಲಿಯವರೆಗೆ ಬಂದು ತಿರುಗಿ ಹೋಗಬೇಕು. ಆ ವಿಸಾವಾದ ಜಾಗ ನಮ್ಮ ವಖಾರಿಯ ಗೇಟಿನ ಎದುರಿಗೇ ಇತ್ತು. ಪೇಟೆ ಸುತ್ತಿಸಿ ತಂದು ಅಪ್ಪನನ್ನು ಅಲ್ಲಿ ಇಳಿಸಿದಾಗ ಗರಗಸ ನಿಂತಿತ್ತು. ಭಜನೆಯವರೂ ಉಸಿರು ತೆಗೆದುಕೊಳ್ಳಲು ಸುಮ್ಮನಾಗಿದ್ದರು. ಆಗ ನನ್ನ ಅವ್ವ, ಹುಟ್ಟಿದಾಗಿನಿಂದ ನನ್ನ ಕಿವಿಗೆ ಬಿದ್ದಂತೆ ಗಂಡನನ್ನು "ಇವರು" ಅಂದವಳೇ ಹೊರತು ಹೆಸರು ಹಿಡಿಯದ ನನ್ನ ಅವ್ವ, "ಶಂಕರಾ, ನಿಂದ್ರು" ಎಂದಳು. ಅಷ್ಟೇ. ಕೂಗಲಿಲ್ಲ, ಮನೆಯೊಳಗಿಂದ ಹೊರಗೆ ಹೊರಟವರನ್ನು ಕರೆಯುವ ದನಿ. ಅಲ್ಲಿದ್ದ ಅಷ್ಟೂ ಮಂದಿಗೆ ಅದು ಕೇಳಿಸಿತು. ಚಟ್ಟ ಎತ್ತಲು ಬಗ್ಗಿದ್ದ ಕಾಕಾ ಹಾಗೆಯೇ ಬಗ್ಗಿ ಅತ್ತರು. ಆಮೇಲೆ ಅವ್ವ ಆ ಹೆಸರನ್ನು ಸಾಯುವವರೆಗೆ ಮತ್ತೊಮ್ಮೆ ಹಿಡಿಯಲಿಲ್ಲ. ಅಪ್ಪನ ನೆನಪೆಂದರೆ ನನಗೆ ಅವರ ಮುಖಕ್ಕಿಂತ ಮುಂಚೆ ಬರುವುದು ಆ ಎರಡು ಮಾತು. ಗರಗಸ ನಡೆದಿದ್ದರೆ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಇರಲಿ. ಭೂಸಾದ ವಿಷಯಕ್ಕೆ ಬರುತ್ತೇನೆ.

ಆಗೆಲ್ಲ ಭೂಸಾಕ್ಕೆ ಕಿಮ್ಮತ್ತೇ ಇರಲಿಲ್ಲ. ವಖಾರಿಯ ಹಿಂದೆ ಗುಡ್ಡದ ಹಾಗೆ ಬಿದ್ದಿರುತ್ತಿತ್ತು. ಓಣಿಯ ಹೆಂಗಸರು ಚೀಲ ತಂದು ತುಂಬಿಕೊಂಡು ಹೋಗುತ್ತಿದ್ದರು. ಭೂಸಾದ ಒಲೆಯನ್ನು ನೀವು ನೋಡಿದ್ದೀರೋ ಇಲ್ಲವೋ. ತಗಡಿನ ಡಬ್ಬಿಯ ನಡುವೆ ಒಂದು ಬಾಟಲಿ ನಿಲ್ಲಿಸಿ, ಸುತ್ತ ಭೂಸಾ ಹಾಕಿ ಮುಷ್ಟಿಯಿಂದ ಜಡಿದು ಜಡಿದು ತುಂಬಬೇಕು. ಆಮೇಲೆ ಬಾಟಲಿಯನ್ನು ತಿರುವುತ್ತಾ ಮೆಲ್ಲಗೆ ಮೇಲೆ ಎಳೆದರೆ ನಡುವೆ ತೂತು ಉಳಿಯುತ್ತದೆ. ಅದಕ್ಕೆ ಬೆಂಕಿ ತೋರಿಸಿದರೆ ಮಧ್ಯಾಹ್ನದವರೆಗೆ ಬೇಳೆ, ನೀರು, ಎಲ್ಲಾ ಆಗುತ್ತಿತ್ತು. ನಾನು ಬಾಟಲಿ ಎಳೆದಾಗಲೆಲ್ಲ ಇಡೀ ಒಲೆ ಕುಸಿದು ಬೀಳುತ್ತಿತ್ತು. "ಇಕೀಗಿ ಗ್ಯಾಸಿನ ಮನಿಗೇ ಕೊಡಬೇಕಾಗ್ತದ" ಎಂದು ಕಾಕೂ ನಗುತ್ತಿದ್ದಳು. ಕಾಕೂ ಎಂದರೆ ಕಾಕಾನ ಹೆಂಡತಿ. ಅವ್ವ ಹೋದ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಮದುವೆಯಲ್ಲಿ ಅಕ್ಕಿ ಹಾಕಿದವಳು ಅವಳೇ.

ಆಮೇಲೆ ಕಾಲ ಬದಲಾಯಿತು. ಮನೆಗೆ ಕಬ್ಬಿಣದ ಬಾಗಿಲು ಬಂದವು, ಪ್ಲೈವುಡ್ ಬಂತು. ಚೌಕಟ್ಟು ಕೊಯ್ಸುವವರು ಕಡಿಮೆಯಾದರು. ಆಗ ಸಂಜು ಸೋಲಾಪುರದಲ್ಲಿ ಎಲ್ಲೋ ನೋಡಿ ಬಂದು ಈ ಮಶೀನಿನ ಸುದ್ದಿ ತೆಗೆದ. ನಮ್ಮ ಸೋಲಾಪುರಿ ಟವೆಲ್ಲಿಗೆ ಬಣ್ಣ ಹಾಕುವ ಕಾರ್ಖಾನೆಗಳಲ್ಲಿ ಬಾಯ್ಲರಿಗೆ ಕಲ್ಲಿದ್ದಲಿನ ಬದಲು ಇದೇ ಬೇಕು, ಎಷ್ಟು ಮಾಡಿದರೂ ಹೋಗುತ್ತದೆ ಎಂದ. ಮುಂದೆ ಗೋಳಿಯಷ್ಟು ಸಣ್ಣ ಪೆಲೆಟ್ ಕೂಡ ಮಾಡೋಣ, ಹೋಟೆಲಿನವರು ಒಯ್ಯುತ್ತಾರೆ ಎಂದ. ಹುಡುಗ ತಪ್ಪು ಹೇಳಲಿಲ್ಲ. ನಾನು ಬೈಯಲು ಕುಳಿತಿದ್ದರೂ ಇದನ್ನು ಹೇಳಬೇಕು: ಆ ಮಶೀನು ಬಾರದೇ ಇದ್ದರೆ ವಖಾರಿ ಮುಚ್ಚುತ್ತಿತ್ತು. ಮಶೀನಿಗೆ ಕಾಯಿ ಒಡೆದ ದಿನ ಕಾಕಾ ಮೊದಲ ಬಿಸಿ ತುಂಡನ್ನು ವಲ್ಲಿಯಲ್ಲಿ ಹಿಡಿದುಕೊಂಡು ಓಣಿಯಲ್ಲೆಲ್ಲ ತೋರಿಸಿ ಬಂದರು. "ಕಸದಾಗಿಂದ ಮತ್ತ ಕಟಗಿ ಮಾಡ್ಯಾನ ನೋಡ್ರಿ ನಮ್ಮ ಸಂಜು!" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಚೀಲ ಹಿಡಿದು ಬಂದ ಹೆಂಗಸರನ್ನು ಸಂಜು ಗೇಟಿನಿಂದಲೇ ತಿರುಗಿ ಕಳಿಸಲು ಶುರು ಮಾಡಿದ್ದು ಅದರ ಮರುವಾರ. ಆಮೇಲೆ ಆ ಹೆಂಗಸರು ಎದುರು ಬಂದರೆ ಕಾಕಾ ಬೇರೆ ಕಡೆ ನೋಡುತ್ತಿದ್ದರು.

ಗೋಳು ಶುರುವಾದದ್ದು ಬೇರೆ ಕಡೆಯಿಂದ. ಗರಗಸವನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಯಾವಾಗ ಬೇಕಾದರೂ ಚಾಲೂ ಮಾಡಬಹುದು. ಭೂಸಾ ಮಶೀನು ಹಾಗಲ್ಲ. ಅದರ ಕಾದ ಕೊಳವೆಯೊಳಗೆ ಭೂಸಾ ಇರುವಾಗ ನಿಲ್ಲಿಸಿದಿರೋ, ಒಳಗಿದ್ದದ್ದು ಅಲ್ಲಿಯೇ ಸುಟ್ಟು ಕಲ್ಲಾಗಿ ಕೂರುತ್ತದೆ. ಬಿಚ್ಚಿ, ಉಳಿಯಿಂದ ಹೊಡೆದು ತೆಗೆಯಲು ಇಡೀ ದಿನ ಹೋಗುತ್ತದೆ. ನಿಲ್ಲಿಸಲೇಬೇಕೆಂದರೆ ಮೊದಲು ಭೂಸಾ ಹಾಕುವುದನ್ನು ಬಿಟ್ಟು, ಒಳಗಿದ್ದದ್ದೆಲ್ಲ ಹೊರಗೆ ಬರುವವರೆಗೆ ಕಾಯಬೇಕು. ಅಷ್ಟರಲ್ಲಿ ಹೆಣ ಗೇಟು ದಾಟಿ ಹೋಗಿರುತ್ತದೆ.

ಕಾಕಾ ಇದಕ್ಕೂ ಒಂದು ಉಪಾಯ ಹುಡುಕಿದರು. ಗೇಟಿನ ಹತ್ತಿರ ಒಂದು ಹಲಗೆ ಹಾಕಿಕೊಂಡು, ಊರಿನ ಕಡೆಗೆ ಕಿವಿಗೊಟ್ಟು ಕೂರಲು ಶುರು ಮಾಡಿದರು. ತಾಳದ ಸಪ್ಪಳ ಬಹಳ ದೂರದಲ್ಲಿ ಇರುವಾಗಲೇ, "ಲಕ್ಕಪ್ಪಾ, ಭೂಸಾ ಬಂದ ಮಾಡೋ!" ಎಂದು ಕೂಗುತ್ತಿದ್ದರು. ಲಕ್ಕಪ್ಪ ಮೈಂದರ್ಗಿಯವನು, ಅಪ್ಪನ ಕಾಲದಿಂದ ಗರಗಸದ ಮೇಲೆ ಇದ್ದು ಈಗ ಈ ಮಶೀನಿಗೆ ಬಂದಿದ್ದ. ಅವನು ಬುಟ್ಟಿ ಕೆಳಗಿಡುತ್ತಿದ್ದ. ಮಶೀನು ಖಾಲಿಯಾಗಿ ನಿಲ್ಲುವುದಕ್ಕೂ ಹೆಣ ಗೇಟಿಗೆ ಬರುವುದಕ್ಕೂ ಸರಿಹೋದರೆ ಕಾಕಾನ ಮುಖದಲ್ಲಿ ಪರೀಕ್ಷೆ ಪಾಸಾದವರ ಸಂತೋಷ. ಆದರೆ ಎಷ್ಟೋ ಸಲ ಹತ್ತಿರ ಬಂದ ಮೇಲೆ ನೋಡಿದರೆ ಅದು ಹೆಣವೇ ಅಲ್ಲ; ಮಠಕ್ಕೆ ಹೊರಟ ಭಕ್ತರ ದಿಂಡಿ, ಇಲ್ಲವೇ ಯಾರದೋ ಮನೆಯ ಭಜನೆಯವರು ನಡೆದು ಹೊರಟಿದ್ದಾರೆ. ಒಮ್ಮೆಯಂತೂ ಮದುವೆಯ ವರನೇ ಬಂದ. ವಲ್ಲಿ ತೆಗೆದು, ತಲೆ ಬಗ್ಗಿಸಿ ನಿಂತ ಕಾಕಾನನ್ನು ನೋಡಿ ವರನ ಕಡೆಯವರು ಜಗಳಕ್ಕೇ ಬಂದರಂತೆ. ಇದನ್ನು ಕಾಕಾ ತಾವೇ ಹೇಳಿ ನಗುತ್ತಿದ್ದರು. ಸಂಜು ನಗುತ್ತಿರಲಿಲ್ಲ. ಸುಮ್ಮನೆ ನಿಂತ ಮಶೀನನ್ನು ಮತ್ತೆ ಕಾಯಿಸಬೇಕಾದವನು ಅವನು.

ಆಮೇಲೆ ಹೆಣದ ಗಾಡಿ ಬಂತು. ಭಜನೆ ಇಲ್ಲ, ತಾಳ ಇಲ್ಲ, ಭರ್ರನೆ ಬಂದು ಭರ್ರನೆ ಹೋಗುವುದು. ಒಂದು ದಿನ ಗಾಡಿ ಗೇಟಿನ ಮುಂದೆಯೇ ಬಂದು ವಿಸಾವಾಕ್ಕೆ ನಿಂತಿತು. ಕಾಕಾ ಗಾಬರಿಯಾಗಿ ಓಡಿ ಹೋಗಿ ಮೇನ್ ಸ್ವಿಚ್ಚನ್ನೇ ಎಳೆದುಬಿಟ್ಟರು. ಮಶೀನು ಕಲ್ಲಾಗಿ ಕುಳಿತಿತು. ಸಂಜು ಹಮಾಲರ ಎದುರಿಗೇ, "ಅಪ್ಪಾ, ನಿನಗ ಅಕ್ಕಲ್ ಅದನೋ ಇಲ್ಲೋ? ಸತ್ತವ್ರ ಸಲುವಾಗಿ ಇದ್ದವ್ರ ಹೊಟ್ಟಿ ಮ್ಯಾಲ ಹೊಡೀತೀಯೇನು?" ಎಂದು ಕೂಗಾಡಿದ. ಅವತ್ತು ನಾನು ಅಲ್ಲಿದ್ದೆ. ಕಾಕಾ ಸ್ವಿಚ್ಚಿನ ಹತ್ತಿರ ನಿಂತೇ ಇದ್ದರು, ಕೈ ಇನ್ನೂ ಅದರ ಮೇಲೆ ಇತ್ತು. ಆಮೇಲೆ ಎಂದೂ ಅದನ್ನು ಮುಟ್ಟಲಿಲ್ಲ. ಹೆಣ ಬಂದರೆ ತಾವೊಬ್ಬರೇ ಗೇಟಿಗೆ ಬಂದು, ವಲ್ಲಿ ತೆಗೆದು, ಅದು ದಾಟಿ ಹೋಗುವವರೆಗೆ ನಿಲ್ಲುತ್ತಿದ್ದರು. ಹಿಂದೆ ಮಶೀನು ಒದರುತ್ತಲೇ ಇರುತ್ತಿತ್ತು. "ಅದು ನಿಂದ್ರಂಗಿಲ್ಲ. ನಾನರೆ ನಿಂದ್ರತೀನಿ" ಎಂದು ನನಗೆ ಹೇಳಿದರು.

ಪಂಚಮಿಗೆ ಹೋದಾಗ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಕಾಕಾ ಹೋಳಿಗೆ ಮುರಿಯುತ್ತಾ, ನಗುನಗುತ್ತಲೇ ಹೇಳಿದರು: "ಸಂಜು, ಊರ ಮಂದಿದು ಬಿಡು. ನನ್ನದೊಂದ ದಿನಾ ಮಶೀನ ಬಂದ ಇಡಪಾ. ನಿಮ್ಮ ಕಾಕೂ ಏನರೆ ಅಂದ್ರ ನನಗ ಕೇಳಸಬೇಕಲ್ಲ." ಕೊನೆಯ ಮಾತು ನನ್ನ ಕಡೆ ತಿರುಗಿ ಹೇಳಿದ್ದು. ನನ್ನ ಅವ್ವನ ಆ ಎರಡು ಮಾತು ಅವರಿಗೂ ನೆನಪಿತ್ತು ಎಂದು ನನಗೆ ತಿಳಿದದ್ದು ಅವತ್ತೇ. ಕಾಕೂ, "ಊಟದ ಮುಂದ ಎಂಥಾ ಅಭದ್ರ ಮಾತು!" ಎಂದು ಅವರ ತಾಟಿಗೆ ತುಪ್ಪ ಸುರಿದಳು. ಸಂಜು, "ಏ ಅಪ್ಪಾ, ಇನ್ನೂ ಭಾಳ ವರ್ಷ ಇರ್ತಿ, ಸುಮ್ ಉಣ್ಣು" ಎಂದ. ಎಲ್ಲರೂ ನಕ್ಕೆವು. ಆದರೆ ನೋಡಿ, ಆಗಲಿ ಎಂದು ಅವನು ಹೇಳಲಿಲ್ಲ.

ಕಾಕಾ ಹೋದದ್ದು ಹೋದ ವರ್ಷ, ಬೇಸಿಗೆಯಲ್ಲಿ. ಬೆಳಿಗ್ಗೆ ಚಹಾ ಕುಡಿದು ಹಲಗೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಸುದ್ದಿ ಕೇಳಿ ಎಸ್.ಟಿ. ಬಸ್ಸು ಹಿಡಿದು ನಾನು ಮುಟ್ಟುವಷ್ಟರಲ್ಲಿ ಅಂಗಳ ತುಂಬ ಮಂದಿ. ಸಂಜು ನನ್ನನ್ನು ತಬ್ಬಿಕೊಂಡು ಚಿಕ್ಕ ಹುಡುಗನಂತೆ ಅತ್ತ. ಆ ಅಳು ಸುಳ್ಳಲ್ಲ. ಆದರೆ ಅವನ ಬೆನ್ನ ಹಿಂದೆ ಮಶೀನು ನಡೆದಿತ್ತು. ಸೋಲಾಪುರದ ಕಾರ್ಖಾನೆಯ ಲಾರಿ ಅರ್ಧ ತುಂಬಿ ನಿಂತಿತ್ತು. ಹೊರಡುವ ಹೊತ್ತಿಗೆ ನಿಲ್ಲಿಸುತ್ತಾರೆ ಎಂದುಕೊಂಡೆ. ಊರ ಮಂದಿ ಕೊನೆಯ ದರ್ಶನ ಮಾಡಲಿ ಎಂದು ಹೆಣವನ್ನು ಪೇಟೆಯ ಮೇಲಿಂದ ಸುತ್ತಿಸಿ ತಂದರು. ಗಾಡಿ ಬೇಡ, ಹೆಗಲ ಮೇಲೆಯೇ ಹೋಗಬೇಕು ಎಂದು ಹಮಾಲರು ಹಟ ಹಿಡಿದು ಹೊತ್ತಿದ್ದರು. ಮುಂದೆ ಸಂಜು, ಕೈಯಲ್ಲಿ ಬೆಂಕಿಯ ಮಡಕೆ. ಹಿಂದೆ ಭಜನೆ. ಅದರ ಹಿಂದೆ ನಾವು ಹೆಂಗಸರು, ಕಾಕೂನನ್ನು ನಾನು ರಟ್ಟೆ ಹಿಡಿದು ನಡೆಸುತ್ತಿದ್ದೆ.

ಗೇಟಿನ ಎದುರು ವಿಸಾವಾಕ್ಕೆ ಇಳಿಸಿದರು. ನಾನು ಒಳಗೆ ನೋಡಿದೆ. ಲಕ್ಕಪ್ಪ ಯಾರೂ ಹೇಳದೆಯೇ ಬುಟ್ಟಿ ಕೆಳಗಿಟ್ಟಿದ್ದ. ವಲ್ಲಿ ಅವನ ಕೈಯಲ್ಲಿತ್ತು. ಮಶೀನು ಖಾಲಿಯಾಗುತ್ತಾ ಬಂದಿತ್ತು. ಅದರ ದನಿ ಆಗಲೇ ಇಳಿದಿತ್ತು. ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ ಸ್ವಲ್ಪ. ಅಷ್ಟರಲ್ಲಿ ಸಂಜು ತಿರುಗಿದ. ಎಡಗೈಯಲ್ಲಿ ತನ್ನ ಅಪ್ಪನ ಬೆಂಕಿ. ಬಲಗೈ ಎತ್ತಿ ಲಕ್ಕಪ್ಪನಿಗೆ ಸನ್ನೆ ಮಾಡಿದ: ಹಾಕು, ಹಾಕು. ಲಕ್ಕಪ್ಪ ಅವನನ್ನು ನೋಡಿದ, ಚಟ್ಟದ ಕಡೆ ನೋಡಿದ, ನಮ್ಮ ಕಡೆ ನೋಡಿದ. "ಬ್ಯಾಡೋ ಲಕ್ಕಪ್ಪಾ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಅವನು ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಬುಟ್ಟಿ ಎತ್ತಿದ. ಮಶೀನಿನ ಹೊಟ್ಟೆ ತುಂಬಿತು, ಅದು ಮತ್ತೆ ಒದರಲು ಶುರು ಮಾಡಿತು.

ಆಗಲೇ ಕಾಕೂ ಏನೋ ಅಂದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಅವಳ ರಟ್ಟೆ ನನ್ನ ಕೈಯಲ್ಲೇ ಇತ್ತು. ಅವಳ ತುಟಿ ಅಲ್ಲಾಡಿದ್ದು ಕಂಡಿತು. ಮಾತು ಸಣ್ಣದು, ಹೆಸರೇ ಇರಬಹುದು, ಬೇರೆ ಏನಾದರೂ ಇರಬಹುದು. ನನಗೆ ಕೇಳಿಸಲಿಲ್ಲ. ಯಾರಿಗೂ ಕೇಳಿಸಲಿಲ್ಲ. ಚಟ್ಟ ಎತ್ತಿದರು, ಹೋದರು. ಮನೆಗೆ ಬಂದ ಮೇಲೆ, "ಕಾಕೂ, ಅಲ್ಲಿ ಏನಂದಿ?" ಎಂದು ಕೇಳಿದೆ. "ಏನಿಲ್ಲವ್ವಾ" ಎಂದಳು. ಮರುದಿನ ಮತ್ತೆ ಕೇಳಿದೆ. ಗೋಡೆಯ ಕಡೆ ಹೊರಳಿ ಮಲಗಿದಳು.

ಮೂರನೆಯ ದಿನ ಬೂದಿ ತುಂಬಿ ಬಂದ ಸಂಜುನನ್ನು ಹಿಡಿದು ನಿಲ್ಲಿಸಿದೆ. ನನ್ನ ಬಾಯಿ ಗೊತ್ತಲ್ಲ, ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ, "ಅಕ್ಕಾ, ಲಾರಿ ನಿಂತಿತ್ತು. ಒಮ್ಮಿ ಥಂಡಾ ಆದ್ರ ಮತ್ತ ಕಾಯಸಾಕ ಎಷ್ಟೊತ್ತು ಬೇಕು, ನಿನಗೇನ್ ಗೊತ್ತು? ಮಾಲ ಹೋಗಲಿಲ್ಲಂದ್ರ ಪಾರ್ಟಿ ಕೈ ಬಿಡ್ತದ. ಅಪ್ಪಾಗ ಇದು ತಿಳೀತಿತ್ತು" ಎಂದ.

"ತಿಳೀತಿತ್ತು. ತಿಳದೂ ನಿಂದರಸ್ತಿದ್ರು" ಎಂದೆ.

"ಅದಕ್ಕ ನೋಡು ವಖಾರಿ ಮುಳಗಾಕ ಬಂದಿತ್ತು" ಎಂದ. ಸಿಟ್ಟಿನಿಂದಲ್ಲ, ಲೆಕ್ಕ ಹೇಳುವವರ ದನಿಯಲ್ಲಿ. ಅವನು ಹೇಳಿದ್ದು ನಿಜ, ಮತ್ತು ಅವನನ್ನು ಕ್ಷಮಿಸಲು ನನ್ನಿಂದಾಗುವುದಿಲ್ಲ. ಅವತ್ತು ಬಸ್ಸು ಹತ್ತಿ ಬಂದವಳು ಮತ್ತೆ ಆ ಗೇಟು ನೋಡಿಲ್ಲ.

ಇವತ್ತು ಚೀಲ ಬಂತು. ಕೊನೆಗೆ ನಾನೇ ಎದ್ದು ಒಂದು ತುಂಡು ಮುರಿದು ಒಲೆಗೆ ಇಟ್ಟೆ. ಕೆಟ್ಟದಾಗಿ ಉರಿದಿದ್ದರೆ ಬೈಯಲಾದರೂ ಆಗುತ್ತಿತ್ತು. ಹೊಗೆ ಇಲ್ಲ, ಕಿಡಿ ಇಲ್ಲ, ಒಂದೇ ಹದದಲ್ಲಿ, ಬಹಳ ಚೆನ್ನಾಗಿ ಉರಿಯಿತು. ಶೇಂಗಾ ಹುರಿದು, ಬೆಳ್ಳುಳ್ಳಿ ಖಾರ ಕೂಡಿಸಿ, ಸುಶೀಲಾ ಒಳಗಿನ ಕೋಣೆಯಲ್ಲಿ ಸಿಪ್ಪೆ ಕೇರುತ್ತಿದ್ದಾಗ ನಾನು ಇಲ್ಲಿ ಚಟ್ನಿ ಕುಟ್ಟುವ ಮಶೀನು ಚಾಲೂ ಮಾಡಿದೆ. ಆಗ ಫೋನು ಬಂತು. ಸಂಜು. ತೆಗೆದೆ.

"ಅಕ್ಕಾ, ಚೀಲ ಮುಟ್ಟಿತೇನು? ಹೆಂಗ ಉರೀತಾವ?" ಅವನ ದನಿಯ ಹಿಂದೆ ಅದೇ ಸಪ್ಪಳ.

"ಛಲೋ ಉರೀತಾವ. ಕಾಕೂ ಹೆಂಗದಾಳ?"

"ಅದಾಳ. ಭಾಳ ಮಾತಾಡಂಗಿಲ್ಲ. ತಡಿ, ಕೊಡ್ತೀನಿ."

ಫೋನು ಕೈ ಬದಲಾಯಿತು. ಕಾಕೂನ ಉಸಿರು ಕೇಳಿಸಿತು. ಅವಳು ಮಾತಾಡಲು ಶುರು ಮಾಡಿದಳು. ಎರಡೂ ಕಡೆ ಮಶೀನು. ನಾನು ಓಡಿ ಹೋಗಿ ನನ್ನದನ್ನು ನಿಲ್ಲಿಸಿದೆ, ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆದರೂ ಒಂದು ಅಕ್ಷರ ತಿಳಿಯಲಿಲ್ಲ. "ಕಾಕೂ, ಜೋರಾಗಿ ಅನ್ನು" ಎಂದು ಒದರಿದೆ. ಅವಳು ಎಂದೂ ಜೋರಾಗಿ ಮಾತಾಡಿದವಳಲ್ಲ. ಮತ್ತೆ ಸಂಜುನ ದನಿ ಬಂತು.

"ಸಂಜು, ಎರಡ ಮಿನಿಟ ಮಶೀನ ಬಂದ ಮಾಡೋ, ಆಕೀ ಏನಂತಾಳ ಕೇಳಸವಲ್ದು!"

"ಬಂದ ಮಾಡಾಕ ಬರಂಗಿಲ್ಲಕ್ಕಾ, ಗೊತ್ತದಲ್ಲ ನಿನಗ."

"ಹಂಗಾದ್ರ ಮುಂದಿನ ಸಲ ಚೀಲ ಕಳಸಬ್ಯಾಡ. ಕಾಕೂನ್ನ ಕಳಸು."

"ಆಂ? ಏನಂದಿ? ಕೇಳಸವಲ್ದಕ್ಕಾ. ಆಮ್ಯಾಲ ಮಾಡ್ತೀನಿ" ಎಂದು ಇಟ್ಟುಬಿಟ್ಟ.

ನಾನು ಮಶೀನಿನ ಪಕ್ಕದಲ್ಲೇ ನಿಂತಿದ್ದೆ. ಒಲೆಯಲ್ಲಿ ಆ ತುಂಡು ಇನ್ನೂ ಕೆಂಪಗೆ ಇತ್ತು. ಓಣಿಯಲ್ಲಿ ಯಾರೋ ಬಕೆಟ್ ಇಟ್ಟ ಸಪ್ಪಳ ಕೇಳಿಸಿತು. ಒಳಗಿನಿಂದ ಸುಶೀಲಾ ಕೂಗಿದಳು: "ಯಾಕ್ರಿ ಅಕ್ಕಾರ, ಲೈಟ ಹ್ವಾದುವೇನ್ರಿ?"

"ಇಲ್ಲವ್ವಾ" ಎಂದೆ. "ನಾನೇ ನಿಂದರಸೀನಿ."